ಶರಾವತಿ ಸೀಮೆಯಿಂದ ಕೆರಿಚೊ ಗುಡ್ಡಗಳಿಗೆ: ಹೊರನಾಡಿನ ಸೇವೆಗೆ ಹೊರಟ ಯುವ ಮಿಷನರಿಗೊಂದು ದಿನಚರಿಯ ಕೈಪಿಡಿ

ಕಥೋಲಿಕ ಧರ್ಮಸಭೆಯ ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿದ ಸೀಮೆ, ರಚನೆಯಾದದ್ದು 1988ರಲ್ಲಿ. ಪಶ್ಚಿಮ ಕೀನ್ಯಾದ ಚಹಾ ಸೀಮೆಯಾದ ಕೆರಿಚೊ ಧರ್ಮಕ್ಷೇತ್ರ ರಚನೆಯಾದದ್ದು 1995ರಲ್ಲಿ. ಎರಡೂ ಕಡೆಯ ಪ್ರಧಾನಾಲಯಗಳು (ಧರ್ಮಾಧ್ಯಕ್ಷರ ಮುಖ್ಯ ಚರ್ಚುಗಳು) ಯೇಸುವಿನ ಪವಿತ್ರ ಹೃದಯದ ಹೆಸರಿನವು. ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಧರ್ಮಭಗಿನಿಯಾಗಿ ವ್ರತ ತೆಗೆದುಕೊಂಡ ಮೂರನೆಯ ವರ್ಷಕ್ಕೇ ಕೆರಿಚೊ ಗುಡ್ಡಗಳಿಗೆ ಹೋಗಿ ಆರು ವರ್ಷ ಕಳೆದು ಬಂದ ನನಗೆ ಈ ಸಾಮ್ಯ ಕಂಡದ್ದು ಅಲ್ಲಿಗೆ ತಲುಪಿದ ಮೇಲೆ. ಈಗ ನಮ್ಮ ಕಡೆಯಿಂದ ಹೊರಡುವ ತಮ್ಮಂದಿರಿಗೂ ತಂಗಿಯರಿಗೂ ತಯಾರಿಯ ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ದೇವಶಾಸ್ತ್ರದವಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು, ಅನ್ನ ಸಿಗುತ್ತದೆಯೇ, ಯಾರಾದರೂ ಹಣ ಕೇಳಿದರೆ ಏನು ಹೇಳಬೇಕು ಎಂಬಂಥವು. ಈ ಬರಹದಲ್ಲಿರುವುದೂ ಅಂಥವುಗಳಿಗೆ ಉತ್ತರವೇ. ನಾನು ಬಲ್ಲದ್ದು ಕೀನ್ಯಾವನ್ನು ಮಾತ್ರವಾದ್ದರಿಂದ ಉದಾಹರಣೆಗಳೆಲ್ಲ ಅಲ್ಲಿಯವು.

ಹೊರಡುವ ಮುನ್ನ

ಕಾಗದಪತ್ರಗಳ ವಿಷಯದಲ್ಲಿ ನೆನಪಿಡಬೇಕಾದದ್ದು ಎರಡೇ. ಮೊದಲನೆಯದು, ಪ್ರವಾಸಿಗರಿಗೆ ಕೊಡುವ ಪ್ರವೇಶಾನುಮತಿಯ ಮೇಲೆ ಹೋಗಿ ಸೇವೆ ಆರಂಭಿಸಬಾರದು. ಕೀನ್ಯಾದಲ್ಲಿ ಧಾರ್ಮಿಕ ಮತ್ತು ದತ್ತಿ ಸೇವೆಯವರಿಗೆಂದೇ ‘ಐ’ ವರ್ಗದ ಕೆಲಸದ ಪರವಾನಗಿ ಇದೆ. ಅದಕ್ಕೆ ನಿಮ್ಮನ್ನು ಬರಮಾಡಿಕೊಳ್ಳುವ ಅಲ್ಲಿಯ ಸಂಸ್ಥೆಯೇ ಅರ್ಜಿ ಹಾಕಬೇಕು. ಆ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ವಿಮಾನದ ಟಿಕೆಟ್ ತೆಗೆಸುವ ಮೊದಲೇ ಕೇಳಿ ತಿಳಿದುಕೊಳ್ಳಿ. ಎರಡನೆಯದು, ಹಳದಿ ಜ್ವರದ ಲಸಿಕೆ. ಅಧಿಕೃತ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲೆ ಆ ಪ್ರಮಾಣಪತ್ರಕ್ಕೆ ಬೆಲೆ ಬರುತ್ತದೆ, ಅಲ್ಲಿಂದ ಮುಂದೆ ಆಯುಷ್ಯಪೂರ್ತಿ ನಡೆಯುತ್ತದೆ. ಹೋಗುವಾಗಕ್ಕಿಂತ ಬರುವಾಗ ಅದರ ಅಗತ್ಯ ಹೆಚ್ಚು: ಆ ಪ್ರಮಾಣಪತ್ರದ ಹಳದಿ ಪುಸ್ತಕವಿಲ್ಲದೆ ಕೀನ್ಯಾದಿಂದ ಬಂದಿಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಪೆಟ್ಟಿಗೆ ಕಟ್ಟುವಾಗ ನಮ್ಮ ಅಮ್ಮಂದಿರು ಪ್ರತಿಯೊಂದನ್ನೂ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತುತ್ತಾರೆ. ಅದನ್ನು ತಡೆಯಿರಿ. 2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳು ಕಾನೂನಿನಿಂದಲೇ ನಿಷಿದ್ಧ, ದಂಡವೂ ಸಣ್ಣದಲ್ಲ. ಹಳೆಯ ಪಂಚೆಯ ತುಂಡು, ಬಟ್ಟೆಯ ಚೀಲಗಳಿದ್ದರೆ ಸಾಕು. ಅಲ್ಲಿಯ ಗೋಡೆಯ ಪ್ಲಗ್ಗಿಗೆ ಚೌಕಾಕಾರದ ಮೂರು ಕಡ್ಡಿಗಳು ಬೇಕಾಗುವುದರಿಂದ ನಮ್ಮ ಚಾರ್ಜರು ಕೂರುವುದಿಲ್ಲ. ಒಂದು ಅಡಾಪ್ಟರು ಇರಲಿ. ಸಮಭಾಜಕ ವೃತ್ತದ ದೇಶವೆಂದು ಉಣ್ಣೆಯ ಬಟ್ಟೆ ಬಿಟ್ಟು ಹೋಗಬೇಡಿ. ಕೆರಿಚೊ ಪೇಟೆಯೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಮೇಲೆ. ರಾತ್ರಿ ಸ್ವೆಟರಿಲ್ಲದೆ ಇರಲಾಗದು. ಮೊದಲ ಕೆಲವು ವಾರ ಏರುದಾರಿಯಲ್ಲಿ ಏದುಸಿರು ಬಂದರೆ ಹೆದರಬೇಕಾಗಿಲ್ಲ, ಅದು ಎತ್ತರದ ಗಾಳಿಯ ಪರಿಣಾಮ. ಇನ್ನು ಅಪ್ಪೆಮಿಡಿ ಉಪ್ಪಿನಕಾಯಿ: ಒಂದು ಜಾಡಿ ಒಯ್ಯಿರಿ, ಎರಡು ಬೇಡ. ನಾನು ಎರಡು ಒಯ್ದೆ. ಮಠದಲ್ಲಿದ್ದ ಬೇರೆ ದೇಶಗಳ ಭಗಿನಿಯರು ರುಚಿ ಹತ್ತಿಸಿಕೊಂಡು ನಾಲ್ಕನೆಯ ತಿಂಗಳಿಗೆ ಎರಡನ್ನೂ ಬರಿದು ಮಾಡಿದರು. ಒಂದೇ ಇದ್ದಿದ್ದರೆ ಆ ದುಃಖ ಎರಡನೆಯ ತಿಂಗಳಿಗೇ ಮುಗಿದುಹೋಗುತ್ತಿತ್ತು.

ಮೊದಲ ಆರು ತಿಂಗಳು ಕಿವಿಯ ಕೆಲಸ

ಈ ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು ಒಂದಿದ್ದರೆ ಅದು ಇಲ್ಲಿದೆ. ಮೊದಲ ಆರು ತಿಂಗಳು ಯಾರಿಗೂ ಏನನ್ನೂ ಬೋಧಿಸಲು ಹೋಗಬೇಡಿ, ಭಾಷೆ ಕಲಿಯಿರಿ. ಇಂಗ್ಲಿಷ್ ಅಲ್ಲಿ ಶಾಲೆಯ ಮತ್ತು ಕಚೇರಿಯ ಭಾಷೆಯಾಗಿರುವುದರಿಂದ ಅದೊಂದರಲ್ಲೇ ದಿನ ದೂಡಬಹುದೆಂಬ ಆಸೆ ಹುಟ್ಟುತ್ತದೆ. ದೂಡಲೂಬಹುದು, ಆದರೆ ಅಜ್ಜಿಯಂದಿರ ಬಳಿ ಕೂರಲಾಗುವುದಿಲ್ಲ. ಅಜ್ಜಿಯಂದಿರ ಬಳಿ ಕೂರಲಾಗದ ಮಿಷನರಿಯ ಕೆಲಸ ಯಾವ ಊರಲ್ಲೂ ನಡೆಯದು.

ಕನ್ನಡಿಗರಿಗೆ ಈ ಮಾತು ಹೊಸದಾಗಬಾರದು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದಾಗ ಅವರು ಇಂದಿನ ನಿಮ್ಮ ಸ್ಥಿತಿಯಲ್ಲೇ ಇದ್ದರು: ಹರೆಯದವರು, ಹೊರಗಿನವರು, ನಾಲಿಗೆ ತಿರುಗದವರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಆಗ ಇಪ್ಪತ್ತೊಂದರ ಯುವಕ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ. ನಿಮ್ಮಿಂದ ನಿಘಂಟನ್ನು ಯಾರೂ ನಿರೀಕ್ಷಿಸುವುದಿಲ್ಲ, ಆದರೆ ಒಂದು ನೋಟುಬುಕ್ಕು ಸದಾ ಕೈಯಲ್ಲಿರಬೇಕು, ಮತ್ತು ಅದನ್ನು ಕನ್ನಡ ಲಿಪಿಯಲ್ಲೇ ಬರೆಯಬೇಕು.

ಕನ್ನಡ ಲಿಪಿ ಏಕೆಂದರೆ, ಸ್ವಾಹಿಲಿಯ ಉಚ್ಚಾರಣೆಗೆ ರೋಮನ್ ಅಕ್ಷರಕ್ಕಿಂತ ನಮ್ಮ ವರ್ಣಮಾಲೆಯೇ ಚೆನ್ನಾಗಿ ಒಪ್ಪುತ್ತದೆ. ಒಂದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ, ಆಮೇಲೆ ಜೀವಮಾನದಲ್ಲಿ ಒಮ್ಮೆಯೂ ಬಳಸದೆ ಬಿಟ್ಟ ಙ ಮತ್ತು ಞ ಅಕ್ಷರಗಳಿಗೆ ಅಲ್ಲಿ ದಿನವೂ ಕೆಲಸವಿದೆ. ಹಸುವಿಗೆ ‘ಙೊಂಬೆ’ ಎನ್ನುತ್ತಾರೆ, ಮನೆಗೆ ‘ಞುಂಬ’ ಎನ್ನುತ್ತಾರೆ. ಯುರೋಪಿನಿಂದ ಬಂದ ನನ್ನ ಸಹಪಾಠಿಗಳು ಆ ಹಸುವನ್ನು ಕರೆಯಲು ಮೂರು ವಾರ ಒದ್ದಾಡಿದರು; ನನಗೆ ಅದು ಮೊದಲ ದಿನವೇ ಬಂತು. ಹೆಮ್ಮೆಪಟ್ಟದ್ದನ್ನು ಮುಚ್ಚಿಡಲಾರೆ.

ಕ್ರಿಯಾಪದದಲ್ಲಿಯೂ ಒಂದು ಸೊಗಸಿದೆ. ‘ಓದುತ್ತೇನೆ’ ಎಂಬಲ್ಲಿ ನಾವು ಮೊದಲು ಧಾತುವನ್ನು, ಆಮೇಲೆ ಕಾಲವನ್ನು, ಕೊನೆಗೆ ‘ನಾನು’ ಎಂಬುದನ್ನು ಪೋಣಿಸುತ್ತೇವೆ. ಸ್ವಾಹಿಲಿಯ ‘ನಿನಸೋಮ’ದಲ್ಲಿ ‘ನಿ’ ಎಂದರೆ ನಾನು, ‘ನ’ ಎಂದರೆ ವರ್ತಮಾನ, ‘ಸೋಮ’ ಎಂದರೆ ಓದು. ಅದೇ ಮೂರು ಮಣಿಗಳು, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ‘ನ’ ತೆಗೆದು ‘ಲಿ’ ಇಟ್ಟರೆ ಓದಿದೆ, ‘ತ’ ಇಟ್ಟರೆ ಓದುವೆ. ಇದನ್ನು ಹೀಗೆ ಹಿಡಿದುಕೊಂಡ ಕನ್ನಡಿಗರಿಗೆ ಒಂದು ತಿಂಗಳ ವ್ಯಾಕರಣ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಕಷ್ಟವಿರುವುದು ನಾಮಪದಗಳ ವರ್ಗಗಳಲ್ಲಿ, ಅದಕ್ಕೆ ಅಡ್ಡದಾರಿ ಇಲ್ಲ. ಮಗು ಒಂದಿದ್ದರೆ ‘ಮ್ತೊತೊ’, ಹಲವಿದ್ದರೆ ‘ವತೊತೊ’, ಪುಸ್ತಕ ಒಂದಿದ್ದರೆ ‘ಕಿತಾಬು’, ಹಲವಿದ್ದರೆ ‘ವಿತಾಬು’ ಎಂದು ಮಕ್ಕಳ ಜೊತೆ ಕೂತು ಉರುಹೊಡೆಯಬೇಕು.

ತಪ್ಪು ಆಗಿಯೇ ಆಗುತ್ತದೆ. ‘ಕುಓಗ’ ಎಂದರೆ ಸ್ನಾನ ಮಾಡುವುದು, ‘ಕುಓಅ’ ಎಂದರೆ ಗಂಡಸು ಮದುವೆಯಾಗಿ ಹೆಂಡತಿಯನ್ನು ತರುವುದು. ಬಂದ ಎರಡನೆಯ ವಾರ ಅಡುಗೆಮನೆಗೆ ಹೋಗಿ, ಬಿಸಿನೀರು ಬೇಕೆಂಬ ಅರ್ಥದಲ್ಲಿ, ನನಗೊಬ್ಬಳು ಹೆಂಡತಿ ಬೇಕೆಂದು ಗಂಭೀರವಾಗಿ ಕೇಳಿದೆ. ಅಡುಗೆಯ ಅಮ್ಮ ಸೌಟನ್ನು ಕೆಳಗಿಟ್ಟು, ಸೆರಗಿನಂತೆ ಹೊದ್ದಿದ್ದ ‘ಕಂಗಾ’ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು. ಸಂಜೆಯೊಳಗೆ ಇಡೀ ಧರ್ಮಕೇಂದ್ರಕ್ಕೆ ವಿಷಯ ಗೊತ್ತಾಗಿತ್ತು. ಮರುದಿನದಿಂದ ಜನ ನನ್ನೊಂದಿಗೆ ಹೆಚ್ಚು ಸಲೀಸಾಗಿ ಮಾತನಾಡತೊಡಗಿದರು ಎಂಬುದು ಸತ್ಯ.

ಸ್ವಾಹಿಲಿಯ ಜೊತೆಗೆ ಸ್ಥಳೀಯ ನುಡಿಯ ಹತ್ತು ಮಾತಾದರೂ ಬರಬೇಕು. ಕೆರಿಚೊ ಕಡೆ ಕಲೆಂಜಿನ್ ಜನಾಂಗದ ಕಿಪ್ಸಿಗಿಸ್ ಜನ ಹೆಚ್ಚು. ‘ಚಾಮ್ಗೇ’ ಎಂದರೆ ನಮಸ್ಕಾರ, ‘ಕೊಂಗೊಯ್’ ಎಂದರೆ ಧನ್ಯವಾದ. ಕಥೋಲಿಕರ ಮನೆಯ ಹೊಸಿಲಲ್ಲಿ ‘ತುಮ್ಸಿಫು ಯೇಸು ಕ್ರಿಸ್ತು’ ಎಂದರೆ ‘ಮಿಲೆಲೆ ನ ಮಿಲೆಲೆ, ಆಮಿನ’ ಎಂಬ ಉತ್ತರ ಬರುತ್ತದೆ: ಯೇಸುಕ್ರಿಸ್ತರನ್ನು ಸ್ತುತಿಸೋಣ, ಎಂದೆಂದಿಗೂ, ಆಮೆನ್.

ಗಡಿಯಾರವನ್ನು ತಿದ್ದಿಕೊಳ್ಳುವುದು

ಸ್ವಾಹಿಲಿಯಲ್ಲಿ ದಿನದ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಸಮಭಾಜಕ ವೃತ್ತದ ಬಳಿ ವರ್ಷಪೂರ್ತಿ ಹೆಚ್ಚುಕಡಿಮೆ ಆರೂವರೆಗೆ ಬೆಳಕು ಹರಿಯುವುದರಿಂದ ಬೆಳಗಿನ ಏಳು ಗಂಟೆಯೇ ‘ಸಾ ಮೋಜ’, ಅಂದರೆ ಒಂದನೆಯ ಗಂಟೆ; ನಡುಹಗಲು ‘ಸಾ ಸಿತ’, ಆರನೆಯ ಗಂಟೆ. ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸಿದ ಅಜ್ಜಂದಿರಿಗೆ ಇದು ತಕ್ಷಣ ಅರ್ಥವಾಗುತ್ತಿತ್ತು, ನನಗಾಗಲಿಲ್ಲ. ಗುಡ್ಡದ ಆಚೆಯ ಉಪಕೇಂದ್ರದಲ್ಲಿ ತಾಯಂದಿರ ಸಭೆ ‘ಸಾ ತತು’ವಿಗೆ ಎಂದು ಉಪದೇಶಿಯವರು (ಊರಿನವರೇ ಆದ ಧರ್ಮಬೋಧಕರು) ಹೇಳಿದ್ದನ್ನು ಮೂರು ಗಂಟೆಯೆಂದು ತಿಳಿದು, ಊಟ ಮುಗಿಸಿ, ಆರಾಮವಾಗಿ ಮೂರಕ್ಕೆ ತಲುಪಿದೆ. ಅವರೆಲ್ಲ ಬೆಳಗಿನ ಒಂಬತ್ತರಿಂದ ಕಾದಿದ್ದರು. ಒಬ್ಬರೂ ಸಿಡುಕಲಿಲ್ಲ. ‘ದಾರಿಯಲ್ಲಿ ಏನಾದರೂ ತೊಂದರೆಯಾಯಿತೇ, ಸಿಸ್ಟ?’ ಎಂದಷ್ಟೇ ಕೇಳಿದರು. ಅಂದಿನಿಂದ ಯಾರು ಸಮಯ ಹೇಳಿದರೂ ‘ಬೆಳಿಗ್ಗೆಯೋ ಮಧ್ಯಾಹ್ನವೋ’ ಎಂದು ಮರುಕೇಳಿ, ಆರು ಗಂಟೆ ಕೂಡಿಸಿ, ನೋಟುಬುಕ್ಕಿನಲ್ಲಿ ನಮ್ಮ ಲೆಕ್ಕದಲ್ಲಿ ಬರೆದುಕೊಳ್ಳುವುದು ನನಗೆ ರೂಢಿಯಾಯಿತು. ನೀವೂ ಹಾಗೆಯೇ ಮಾಡಿ.

ಒಂದು ದಿನದ ನಡೆ

ಐದಕ್ಕೆ ಏಳುವುದು, ಅರ್ಧ ಗಂಟೆ ಮೌನ ಧ್ಯಾನ, ಸಮುದಾಯದ ಪ್ರಾರ್ಥನೆ, ಆರೂವರೆಗೆ ಬಲಿಪೂಜೆ (ಮಾಸ್), ಹಾಲು ಹಾಕಿ ಕುದಿಸಿದ ಚಹಾದ ಜೊತೆ ಬ್ರೆಡ್ಡೋ ಬೇಯಿಸಿದ ಗೆಣಸೋ. ಇದು ಯಾವ ಮಠದಲ್ಲಾದರೂ ಹೀಗೇ ಇರುತ್ತದೆ. ನೀವು ಯೋಚಿಸಿ ಹೊಂದಿಸಿಕೊಳ್ಳಬೇಕಾದದ್ದು ಎಂಟರಿಂದ ಮುಂದಿನ ಹೊತ್ತನ್ನು.

ಅಲ್ಲಿಯ ಮಳೆ ನಮ್ಮ ಆಗುಂಬೆಯ ಕಡೆಯಂತೆ ಜೂನ್‌ನಲ್ಲಿ ಹಿಡಿದು ತಿಂಗಳುಗಟ್ಟಲೆ ಸುರಿಯುವಂಥದ್ದಲ್ಲ. ಬೆಳಿಗ್ಗೆ ಎಳೆಬಿಸಿಲು, ಮಧ್ಯಾಹ್ನದ ಮೇಲೆ ಮೋಡ, ಆಮೇಲೆ ಒಂದು ಜಡಿಮಳೆ, ಕೆಲವು ದಿನ ಆಲಿಕಲ್ಲು. ಆದ್ದರಿಂದ ದೂರದ ಉಪಕೇಂದ್ರ, ಶಾಲೆ, ರೋಗಿಗಳ ಭೇಟಿಗಳನ್ನೆಲ್ಲ ಊಟದ ಹೊತ್ತಿಗೆ ಮುಗಿಸಿಕೊಳ್ಳಿ. ಮಣ್ಣಿನ ದಾರಿ ನೆನೆದರೆ ನಮ್ಮ ತೋಟದ ದಾರಿಯಂತೆಯೇ ಜಾರುತ್ತದೆ, ‘ಬೋಡಾಬೋಡಾ’ ಎನ್ನುವ ಬಾಡಿಗೆ ಬೈಕುಗಳೂ ಜಾರುತ್ತವೆ. ಹೆಲ್ಮೆಟ್ ಇಲ್ಲದ ಬೈಕು ಹತ್ತಬೇಡಿ. ಕತ್ತಲಾದ ಮೇಲೆ ಒಬ್ಬರೇ ಹೊರಡಬೇಡಿ.

ಮನೆಭೇಟಿಗೆ ಸಂಜೆಯೇ ಸರಿ. ನಮ್ಮ ಕಾಫಿ ಎಸ್ಟೇಟಿನ ಲೈನ್ ಮನೆಗಳನ್ನು ಕಂಡವರಿಗೆ ಕೆರಿಚೊ ಚಹಾ ತೋಟದ ಲೈನುಗಳು ಹೊಸದೆನಿಸುವುದಿಲ್ಲ. ಹಗಲು ಹೋದರೆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಎಲೆ ಕೀಳಲು ಹೋದವರು ಬುಟ್ಟಿ ತೂಗಿಸಿ ಮನೆಗೆ ಬರುವುದು ಸಂಜೆಗೆ. ವಾರಕ್ಕೊಮ್ಮೆ ಹತ್ತು ಹದಿನೈದು ಮನೆಗಳವರು ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಸೇರಿ ಜಪಸರ ಹೇಳಿ, ಶುಭಸಂದೇಶ ಓದಿ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗುವಿಗೆ ಶುಲ್ಕ ಕಟ್ಟಿಲ್ಲ ಎಂಬುದನ್ನೆಲ್ಲ ಮಾತಾಡಿಕೊಳ್ಳುತ್ತಾರೆ. ಇದಕ್ಕೆ ‘ಜುಮುಯಿಯ’ ಎನ್ನುತ್ತಾರೆ. ಪೂರ್ವ ಆಫ್ರಿಕದ ಧರ್ಮಾಧ್ಯಕ್ಷರು 1976ರಲ್ಲಿ ಈ ಕಿರು ಸಮುದಾಯಗಳನ್ನು ತಮ್ಮ ಕೆಲಸದ ಕೇಂದ್ರವಾಗಿ ಆರಿಸಿಕೊಂಡಂದಿನಿಂದ ಧರ್ಮಸಭೆಯ ನಿಜವಾದ ಬೇರು ಅಲ್ಲಿದೆ. ಅಲ್ಲಿ ನಿಮಗೆ ಕೊಟ್ಟ ಬೆಂಚಿನ ಮೇಲೆ ಕುಳಿತು ಕೇಳಿ. ಸಭೆ ನಡೆಸುವವರು ಅವರೇ, ನೀವು ಅತಿಥಿ. ಉಪದೇಶಿಯನ್ನು ದಾಟಿ ಒಂದು ತೀರ್ಮಾನವನ್ನೂ ತೆಗೆದುಕೊಳ್ಳಬೇಡಿ. ನೀವು ಮೂರು ವರ್ಷಕ್ಕೋ ಆರು ವರ್ಷಕ್ಕೋ ಹೊರಟುಬಿಡುತ್ತೀರಿ, ಅವರು ಅಲ್ಲೇ ಇರುತ್ತಾರೆ.

ಭಾನುವಾರದ ಬಲಿಪೂಜೆ ಒಂದು ಗಂಟೆಯಲ್ಲಿ ಮುಗಿಯುವುದೆಂದು ಭಾವಿಸಬೇಡಿ. ಎರಡೂವರೆ ಗಂಟೆ ಸಾಮಾನ್ಯ. ಕಾಣಿಕೆಯ ಮೆರವಣಿಗೆಯಲ್ಲಿ ಜೋಳದ ತೆನೆ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ ಎಲ್ಲವೂ ಕುಣಿಯುತ್ತ ಪೀಠದ ಬಳಿ ಬರುತ್ತವೆ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಬೇಕಾದರೆ ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನ ಉಪವಾಸದ ನಿಯಮವನ್ನು ಲೆಕ್ಕ ಹಾಕಿ ತಿನ್ನಿ. ಸಮಯ ಧಾರಾಳವಾಗಿಯೇ ಇರುತ್ತದೆ.

ನಿಮ್ಮನ್ನು ಕಂಡ ಮಕ್ಕಳು ‘ಮುಹಿಂದಿ, ಮುಹಿಂದಿ’ ಎಂದು ಕೂಗುತ್ತಾರೆ. ಭಾರತೀಯ ಎಂದರ್ಥ, ಮೆಕ್ಕೆಜೋಳದ ಒಂದು ತೆನೆಗೂ ಹೆಚ್ಚುಕಡಿಮೆ ಅದೇ ಹೆಸರು. ಕೋಪ ಬೇಡ. ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರವರೆಗೆ ರೈಲುಹಳಿ ಹಾಕಲು ನಮ್ಮ ದೇಶದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಕರೆದೊಯ್ದಿದ್ದರು. ಆ ಹಳಿಯ ಗುಂಟ ಭಾರತೀಯರ ಅಂಗಡಿಗಳು ಬೆಳೆದವು, ಅಂಗಡಿಗೆ ಇಂದಿಗೂ ಅಲ್ಲಿ ‘ದುಕ’ ಎಂದೇ ಹೆಸರು. ಹೀಗಾಗಿ ನಿಮ್ಮನ್ನು ಮೊದಲು ಅಂಗಡಿಯವರೆಂದೇ ತಿಳಿಯುತ್ತಾರೆ. ಒಬ್ಬ ಅಜ್ಜ ನನ್ನ ಶಿಲುಬೆಯನ್ನು ನೋಡಿಯೂ ಕಬ್ಬಿಣದ ತಗಡಿನ ಬೆಲೆ ಕೇಳಿದ್ದರು.

ಊಟ, ಮತ್ತು ಬೇಡವೆನ್ನದಿರುವುದು

ಊಟಕ್ಕೆ ಮುಂಚೆ ಮನೆಯವರು ತಂಬಿಗೆಯಿಂದ ನಿಮ್ಮ ಕೈಗೆ ನೀರು ಹಾಕುತ್ತಾರೆ. ಎರಡೂ ಕೈ ಒಡ್ಡಿ. ಉಗಾಲಿ ಎಂಬುದು ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಿನಲ್ಲಿ ತಿರುವಿ ಗಟ್ಟಿ ಮಾಡಿದ್ದು. ನೋಡಲು ಮುದ್ದೆಯ ತಮ್ಮನಂತಿದ್ದರೂ ತಿನ್ನುವ ಕ್ರಮ ಬೇರೆ. ಮುದ್ದೆಯನ್ನು ನಾವು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಉಗಾಲಿಯನ್ನು ಒಂದು ತುತ್ತು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಗುಳಿ ತೆಗೆದು, ಆ ಗುಳಿಯಲ್ಲಿ ಸೊಪ್ಪಿನ ಪಲ್ಯವನ್ನು ಎತ್ತಿಕೊಂಡು ಅಗಿದು ತಿನ್ನಬೇಕು. ನುಂಗಿದರೆ ಗಂಟಲಲ್ಲೇ ನಿಲ್ಲುತ್ತದೆ. ಸೊಪ್ಪು ಎಂದರೆ ಹೆಚ್ಚಾಗಿ ‘ಸುಕುಮ ವಿಕಿ’. ಕೋಸಿನ ಜಾತಿಯ ಅಗಲ ಎಲೆ. ಆ ಹೆಸರಿನ ಅರ್ಥ ‘ವಾರವನ್ನು ತಳ್ಳು’ ಎಂದು. ತಿಂಗಳ ಕೊನೆಯಲ್ಲಿ ನಮ್ಮಲ್ಲಿ ಕೆಸುವಿನ ಸೊಪ್ಪು ಮಾಡುವ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ.

ಕಿಪ್ಸಿಗಿಸ್ ಮನೆಯಲ್ಲಿ ನಿಮ್ಮನ್ನು ಗೌರವಿಸಬೇಕೆಂದಾಗ ‘ಮುರ್ಸಿಕ್’ ತರುತ್ತಾರೆ. ಉದ್ದ ಕತ್ತಿನ ಸೋರೆಬುರುಡೆಯ ಒಳಗೋಡೆಯನ್ನು ಒಂದು ಬಗೆಯ ಮರದ ಕೆಂಡದ ಕಡ್ಡಿಯಿಂದ ಉಜ್ಜಿ, ಹಾಲು ತುಂಬಿ, ಮುಚ್ಚಿ, ದಿನಗಟ್ಟಲೆ ಹುಳಿಯಲು ಬಿಟ್ಟದ್ದು ಅದು. ಲೋಟಕ್ಕೆ ಬಗ್ಗಿಸಿದಾಗ ಗಟ್ಟಿ ಮೊಸರಿನ ನಡುವೆ ಬೂದುನೀಲಿಯ ಇದ್ದಿಲ ಕಣಗಳು ಕಾಣುತ್ತವೆ, ಹೊಗೆಯ ವಾಸನೆ ಬರುತ್ತದೆ. ಓಟದಲ್ಲಿ ಗೆದ್ದು ಬಂದವರನ್ನು ಇದನ್ನೇ ಕುಡಿಸಿ ಎದುರುಗೊಳ್ಳುತ್ತಾರೆ. ಮೂಸಿ ನೋಡಬೇಡಿ, ಕಣಗಳನ್ನು ಬೆರಳಿನಿಂದ ತೆಗೆಯಬೇಡಿ. ಅರ್ಧ ಲೋಟ ಸಾಕೆಂದು ಮೊದಲೇ ಹೇಳಿ, ಆ ಅರ್ಧವನ್ನು ಪೂರ್ತಿ ಕುಡಿಯಿರಿ. ಅಜ್ಜಿಮನೆಯ ಅಟ್ಟದ ಹೊಗೆಯಲ್ಲಿ ಬೆಳೆದವರಿಗೆ ಮೂರನೆಯ ಸಲಕ್ಕೆ ಇಷ್ಟವಾಗುತ್ತದೆ. ಹೊಟ್ಟೆ ನಿಜವಾಗಿಯೂ ಕೆಟ್ಟಿದ್ದರೆ ಹಾಗೆಂದು ಹೇಳುವುದರಲ್ಲಿ ತಪ್ಪಿಲ್ಲ. ಸುಳ್ಳು ನೆಪ ಮಾತ್ರ ಬೇಡ, ಊರಿನಲ್ಲಿ ಅದು ಬೇಗ ಗೊತ್ತಾಗುತ್ತದೆ.

ಕೆರಿಚೊ ಎತ್ತರದಲ್ಲಿರುವುದರಿಂದ ಮಲೇರಿಯಾ ಕಡಿಮೆ, ಆದರೆ ಸರೋವರದ ತಗ್ಗಿಗೆ ಇಳಿದರೆ ಅಪಾಯ ಹೆಚ್ಚು. ಅತ್ತ ಹೋಗಿಬಂದ ಮೇಲೆ ಜ್ವರ ಕಾಣಿಸಿಕೊಂಡರೆ ಅದೇ ದಿನ ರಕ್ತಪರೀಕ್ಷೆ ಮಾಡಿಸಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆಯವರಾದ ನಮಗೆ, ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ಶಿಸ್ತನ್ನು ಹೊಸದಾಗಿ ಹೇಳಬೇಕಿಲ್ಲ. ಸೊಳ್ಳೆಪರದೆಯ ವಿಷಯದಲ್ಲೂ ಅದೇ ಶಿಸ್ತು ಇರಲಿ.

ಹಣ ಕೇಳಿದಾಗ

ಕೇಳುತ್ತಾರೆ. ಹೊರದೇಶದಿಂದ ಬಂದವರೆಂದರೆ ಹಣವಂತರೆಂಬ ನಂಬಿಕೆ ಅಲ್ಲಿಯೂ ಉಂಟು, ಮತ್ತು ಹೆಚ್ಚಿನವರು ಕೇಳುವುದು ಮಗುವಿನ ಶಾಲೆಯ ಶುಲ್ಕಕ್ಕೆ. ಸುಳ್ಳು ಹೇಳುವವರು ಬಲು ಕಡಿಮೆ. ಅದರಿಂದಲೇ ಇದು ಕಷ್ಟ. ಮೊದಲ ವರ್ಷ ನಾನು ನನ್ನ ಕೈಖರ್ಚಿನಿಂದ ಗುಟ್ಟಾಗಿ ಒಬ್ಬ ಹುಡುಗಿಯ ಶುಲ್ಕ ಕಟ್ಟಿದೆ. ಒಂದು ವಾರದಲ್ಲಿ ಏಳು ತಾಯಂದಿರು ಬಾಗಿಲಿಗೆ ಬಂದರು, ಆರು ಜನರನ್ನು ಬರಿಗೈಯಲ್ಲಿ ಕಳಿಸಿದೆ, ಆ ಹುಡುಗಿಯ ತಾಯಿ ಜುಮುಯಿಯಕ್ಕೆ ಬರುವುದನ್ನೇ ಎರಡು ತಿಂಗಳು ಬಿಟ್ಟರು. ಆಮೇಲೆ ತಿಳಿದದ್ದೇನೆಂದರೆ, ಇಂಥದ್ದಕ್ಕೆ ಅವರದೇ ಒಂದು ದಾರಿ ಮೊದಲಿನಿಂದಲೂ ಇತ್ತು: ಎಲ್ಲರೂ ಸೇರಿ ಹಣ ಕೂಡಿಸುವ ‘ಹರಂಬೆ’. ಅಲ್ಲಿ ನೀವೂ ಎಲ್ಲರಂತೆ, ಎಲ್ಲರೆದುರು, ಎಲ್ಲರಷ್ಟೇ ಹಾಕಿ. ಉಳಿದುದೆಲ್ಲ ಧರ್ಮಕೇಂದ್ರದ ಸಮಿತಿಯ ಮೂಲಕವೇ ಹೋಗಲಿ. ಮೊಬೈಲಿನಲ್ಲಿ ಹಣ ಕಳಿಸುವ ಎಂ-ಪೆಸಾ 2007ರಿಂದ ಅಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಯುಪಿಐ ಬರುವುದಕ್ಕೂ ಎಷ್ಟೋ ಮೊದಲಿನ ಮಾತು. ಸೊಪ್ಪಿನವರೂ ಅದರಲ್ಲೇ ಹಣ ತೆಗೆದುಕೊಳ್ಳುತ್ತಾರೆ. ಅನುಕೂಲವೇನೋ ಹೌದು, ಆದರೆ ನಿಮ್ಮ ಸ್ವಂತ ಸಂಖ್ಯೆಗೆ ಧರ್ಮಕೇಂದ್ರದ ಹಣ ಒಂದು ಶಿಲಿಂಗೂ ಬರಕೂಡದು.

ಮನೆಗೆ ಫೋನು

ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿಯ ಪ್ರಾರ್ಥನೆ ಮುಗಿಸಿ ಎಂಟೂವರೆಗೆ ಫೋನು ಹಿಡಿದರೆ ಇಲ್ಲಿ ಹನ್ನೊಂದು. ಮಲೆನಾಡಿನ ಮನೆಯಲ್ಲಿ ಆ ಹೊತ್ತಿಗೆ ಫೋನು ಬಡಿದರೆ ಯಾರೋ ಹೋದರೆಂದೇ ಎದ್ದು ಕೂರುತ್ತಾರೆ. ಭಾನುವಾರ ಅಲ್ಲಿಯ ನಾಲ್ಕು ಗಂಟೆ, ಇಲ್ಲಿಯ ಆರೂವರೆ, ಎಲ್ಲರಿಗೂ ಹೊಂದುತ್ತದೆ. ಜುಲೈ ತಿಂಗಳಲ್ಲಿ ಕರೆಂಟು ಹೋಗಿ, ಟವರು ಬಿದ್ದು, ಎರಡು ವಾರ ಸುದ್ದಿಯಿಲ್ಲದಿದ್ದರೆ ಗಾಬರಿ ಬೇಡವೆಂದು ಎರಡೂ ಕಡೆಯವರು ಮೊದಲೇ ಮಾತಾಡಿಕೊಂಡಿರಿ. ಮನೆಯ ನೆನಪು ತೀವ್ರವಾಗಿ ಕಾಡುವುದು ಮೊದಲ ತಿಂಗಳಲ್ಲಿ ಅಲ್ಲ, ಐದನೆಯ ಆರನೆಯ ತಿಂಗಳಲ್ಲಿ. ಹೊಸತನ ಹಳತಾಗಿರುತ್ತದೆ, ಭಾಷೆ ಇನ್ನೂ ಬಂದಿರುವುದಿಲ್ಲ. ಆ ದಿನಗಳಲ್ಲಿ ಕೋಣೆಯ ಬಾಗಿಲು ಹಾಕಿಕೊಳ್ಳಬೇಡಿ. ಸಮುದಾಯದ ಹಿರಿಯರಿಗೆ ಬಾಯಿಬಿಟ್ಟು ಹೇಳಿ, ಮತ್ತು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿಕೊಡಿ. ಅಲ್ಲಿ ಮಾತಿಗೆ ಯಾರಾದರೂ ಇದ್ದೇ ಇರುತ್ತಾರೆ.

ಮರಳುವಾಗ

ಅವಧಿ ಮುಗಿಯುವ ಮೂರು ತಿಂಗಳ ಮುಂಚೆಯೇ ಜನರಿಗೆ ತಿಳಿಸಿ. ಕೊನೆಯ ವಾರದಲ್ಲಿ ಹೇಳಿದರೆ ಎಲ್ಲ ಮನೆಗಳ ಚಹಾ ಕುಡಿದು ಮುಗಿಸಲಾಗದು, ಬಿಟ್ಟುಹೋದ ಮನೆಯವರು ಮರೆಯುವುದೂ ಇಲ್ಲ. ನಿಮ್ಮ ನೋಟುಬುಕ್ಕನ್ನು ನಿಮ್ಮ ಜಾಗಕ್ಕೆ ಬರುವವರಿಗಾಗಿ ಬಿಟ್ಟುಬನ್ನಿ. ಅವರು ಕನ್ನಡದವರಲ್ಲದಿದ್ದರೆ ಕೊನೆಯ ವಾರ ಕೂತು ಬೇಕಾದಷ್ಟನ್ನು ಇಂಗ್ಲಿಷಿನಲ್ಲಿ ಪ್ರತಿ ಮಾಡಿ: ಯಾವ ಅಜ್ಜನಿಗೆ ಕಿವಿ ಕೇಳದು, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಹಳ್ಳವನ್ನು ಮಳೆಯಾದ ಮೇಲೆ ದಾಟಬಾರದು. ಹಳದಿ ಪುಸ್ತಕವನ್ನು ಮಾತ್ರ ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಇಳಿದ ಕೂಡಲೇ ಅದನ್ನು ಕೇಳಬಹುದು.